ಗುಂಡಿ ಇಲ್ಲದ ಏಸಿ

ನಮ್ಮ ಕಾರಿನ ಏಸಿಗೆ ಗುಂಡಿ ಇಲ್ಲ. ಇರಬೇಕಾದ ಜಾಗದಲ್ಲಿ ಒಂದು ಮೊಂಡು ಹಿತ್ತಾಳೆ ಕಡ್ಡಿ ಮಾತ್ರ ಇಣುಕುತ್ತದೆ. ನಮ್ಮ ಯಜಮಾನರು ಕಾರು ಹತ್ತಿ ಕೂತು, ಅಂಗಿ ಜೇಬಿನಿಂದ ಸಣ್ಣ ಪ್ಲೈಯರ್ ತೆಗೆದು, ಆ ಕಡ್ಡಿಯನ್ನು ಹಿಡಿದು ಮೆಲ್ಲಗೆ ತಿರುಗಿಸಬೇಕು. ಆಗ ಗಾಳಿ ಬರುತ್ತದೆ. ನೋಡಿದವರೆಲ್ಲ, "ಇಷ್ಟೆಲ್ಲ ಮಾಡಿಸಿ ಒಂದು ಗುಂಡಿ ಹಾಕಿಸಲಿಲ್ಲವೇ?" ಎಂದು ಕೇಳುತ್ತಾರೆ. ಗುಂಡಿ ಇದೆ. ನಮ್ಮ ದೇವರ ಮನೆಯಲ್ಲಿ, ಕುಂಕುಮದ ಬಟ್ಟಲಿನ ಪಕ್ಕದಲ್ಲಿದೆ. ಅದನ್ನು ಅಲ್ಲಿಡಿ ಎಂದವರು ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯದೆ ನನಗೆ ಸಮಾಧಾನವಿಲ್ಲ.

ಅವರನ್ನು ನಾನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಅಣ್ಣಾ" ಎನ್ನುತ್ತಿದ್ದೆ. ಅವರು ನನಗೆ "ಏನಮ್ಮಾ" ಎನ್ನುತ್ತಿದ್ದರು. ಇಲ್ಲೂ ಹಾಗೇ ಇರಲಿ.

ಕಾರು ನಮ್ಮ ಮಾವನವರದು. ಹೆರಾಲ್ಡ್, ಆಕಾಶ ಬಣ್ಣದ್ದು, ಇದೇ ಮದರಾಸಿನಲ್ಲಿ ತಯಾರಾದದ್ದು. ನಾನು ಮದುವೆಯಾಗಿ ಮೈಲಾಪೂರಿಗೆ ಬಂದಾಗ ಮಾವನವರು ಅದರಲ್ಲೇ ಕೂರಿಸಿಕೊಂಡು ನನಗೆ ಕಾರು ಬಿಡಲು ಕಲಿಸಿದರು. "ಸೊಸೆ ಅಡುಗೆ ಕಲಿತೇ ಬಂದಿದಾಳೆ, ನಾನೇನು ಕಲಿಸಲಿ" ಎಂದು ನಗುತ್ತಿದ್ದರು. ಅವರು ಹೋದ ಮೇಲೆ ಕಾರು ನಮ್ಮ ಫ್ಲಾಟಿನ ಕೆಳಗೆ ಹೊದಿಕೆ ಹೊದ್ದುಕೊಂಡು ಎಷ್ಟೋ ವರ್ಷ ನಿಂತಿತ್ತು. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾದ ಮೇಲೆ ಯಜಮಾನರು ಅದನ್ನು ಮೊದಲಿನಂತೆ ಮಾಡುತ್ತೇನೆಂದು ಹೊರಟರು. ಎಂಜಿನ್ ಆಯಿತು, ಸೀಟು ಆಯಿತು, ಎರಡು ಬಾಗಿಲಿಗೆ ಬಣ್ಣವೂ ಆಯಿತು. ಅಷ್ಟರಲ್ಲಿ ಅವರ ಮೂತ್ರಪಿಂಡಗಳು ಕೈಕೊಟ್ಟವು.

ಆಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ, ಕೀಲ್ಪಾಕಿನ ಆಸ್ಪತ್ರೆಯಲ್ಲಿ. ಆ ಕಾಯಿಲೆಯಲ್ಲಿ ಸೂಜಿಗಿಂತ ದೊಡ್ಡ ಕಷ್ಟ ಬಾಯಾರಿಕೆ. ಒಳಗೆ ಹೋದ ನೀರು ಹೊರಗೆ ಹೋಗುವುದಿಲ್ಲವಲ್ಲ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳತೆ ಹೇಳಿದ್ದರು. ನಾನು ಬೆಳಿಗ್ಗೆ ಒಂದು ಚೊಂಬಿನಲ್ಲಿ ಅಷ್ಟು ನೀರು ತುಂಬಿಡುತ್ತಿದ್ದೆ. ಅವರು ಕಾಫಿ ಕುಡಿದರೆ, ಸಾರು ಉಂಡರೆ, ಚೊಂಬಿನಿಂದ ಅಷ್ಟು ನೀರು ಚೆಲ್ಲುತ್ತಿದ್ದೆ. ಗುರುವಾರ ರಾಯರ ಮಠದಿಂದ ಬಂದು ತೀರ್ಥ ಕೊಟ್ಟರೆ, "ಮೂರು ಉದ್ಧರಣೆ. ಅದನ್ನೂ ಕಳಿ" ಎನ್ನುತ್ತಿದ್ದರು. ತಮಾಷೆಗೇ ಹೇಳುತ್ತಿದ್ದರು. ಆದರೆ ನಾನು ಕಳೆಯುವುದನ್ನು ನೋಡುತ್ತಿದ್ದರು.

ಮದರಾಸಿನ ಬಿಸಿಲಿನಲ್ಲಿ ಕೀಲ್ಪಾಕಿಗೆ ಹೋಗಿ ಬರುವುದೇ ಒಂದು ಶಿಕ್ಷೆ. ಆಟೋದಲ್ಲಿ ಹೋದರೆ ಬಿಸಿಗಾಳಿ ಮುಖಕ್ಕೆ ಹೊಡೆದು ಅರ್ಧ ದಾರಿಯಲ್ಲೇ ನಾಲಗೆ ಅಂಟಿಕೊಳ್ಳುವುದು. ಟ್ಯಾಕ್ಸಿ ಕರೆಸಿದರೆ ಕೆಲವರು ಏಸಿ ಹಾಕರು. ಕೆಲವರು ಇವರ ಮುಖವನ್ನೂ ಕೈಯ ಬ್ಯಾಂಡೇಜನ್ನೂ ನೋಡಿ, ಗಾಡಿಯಲ್ಲಿ ಏನಾದರೂ ಆದೀತೆಂದು ಹೊರಟೇಬಿಡುವರು. ಒಂದು ಶುಕ್ರವಾರ ಆಟೋದವರ ಮುಷ್ಕರ. ಬೇರೆ ದಾರಿ ಕಾಣದೆ ಹೆರಾಲ್ಡಿನ ಹೊದಿಕೆ ತೆಗೆದು, ರಾಯರನ್ನು ನೆನೆದು, ನಾನೇ ಓಡಿಸಿಕೊಂಡು ಹೊರಟೆ. ಆಸ್ಪತ್ರೆಯ ಗೇಟು ಇನ್ನೇನು ಬಂತು ಎನ್ನುವಾಗ ಕಾರು ಬುಸ್ ಎಂದು ಹಬೆ ಬಿಟ್ಟು ನಿಂತಿತು.

ಕೈಯಲ್ಲಿ ನುಗ್ಗೇಕಾಯಿ ಚೀಲ ಹಿಡಿದು ನಡೆದು ಹೋಗುತ್ತಿದ್ದ ಒಬ್ಬರು ನಿಂತು ನೋಡಿದರು. ಎಪ್ಪತ್ತು ದಾಟಿದ ಸಣಕಲು ಆಸಾಮಿ, ಮೊಣಕೈವರೆಗೆ ಮಡಿಸಿದ ಖಾಕಿ ಅಂಗಿ. ನಮ್ಮವರು ಇಳಿದು ಬಾನೆಟ್ಟಿಗೆ ಕೈ ಹಾಕಲು ಹೋದಾಗ ತಮಿಳಿನಲ್ಲಿ ತಡೆದರು. ನಾನು, "ಅಯ್ಯೋ ರಾಯರೇ, ಇಲ್ಲೇ ಬಂದು ನಿಲ್ಲಬೇಕಾ ಇದು" ಎಂದದ್ದು ಕೇಳಿಸಿತೇನೋ, ಕನ್ನಡಕ್ಕೆ ತಿರುಗಿದರು.

"ಓ, ನಮ್ಮೋರೇನಾ! ಸಾರ್, ಮುಟ್ಟಬೇಡಿ, ಕೋಪದಲ್ಲಿದೆ. ಹತ್ತು ನಿಮಿಷ ಬಿಡಿ, ತಾನೇ ಆರತ್ತೆ. ಹೆರಾಲ್ಡು! ಇನ್ನೂ ಬದುಕಿದ್ಯಾ ಇದು?"

ಅವರ ತಾತ ಕೋಲಾರದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರಂತೆ. ಇವರು ರೈಲಿನ ಏಸಿ ಡಬ್ಬಿಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಮನೆ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ, ಪಕ್ಕದಲ್ಲೇ ಬಾದಾಮಿ ಮರದಡಿ ಒಂದು ಶೆಡ್ಡು. ಎಲ್ಲಿಗೆ ಹೊರಟಿರಿ ಎಂದು ಕೇಳಿದಾಗ ನಾನು ಡಯಾಲಿಸಿಸ್ ಎಂದೆ. ಆ ಮಾತು ಕೇಳಿದವರೆಲ್ಲ "ಅಯ್ಯೋ ಪಾಪ" ಎಂದು ನಮ್ಮವರ ಮುಖದಿಂದ ಕಣ್ಣು ತೆಗೆಯುತ್ತಿದ್ದರು. ಇವರು ನೇರವಾಗಿ ಅವರನ್ನೇ ಕೇಳಿದರು.

"ನೀರು ಎಷ್ಟು ಬಿಟ್ಟಿದಾರೆ ಸಾರ್?"

ನಮ್ಮವರು ಹೇಳಿದರು.

"ಅಷ್ಟೇನಾ? ಹಂಗಾದ್ರೆ ಈ ಬಿಸಿಲಲ್ಲಿ ಈ ಡಬ್ಬೀಲಿ ಕೂತು ಬಂದ್ರೆ ಬಾಯಿ ಒಣಗಲ್ವಾ? ಇದಕ್ಕೆ ಏಸಿ ಹಾಕಬೇಕು ಸಾರ್."

ನಮ್ಮವರಿಗೆ ರೇಗಿತು. "ನಮ್ಮಪ್ಪನ ಕಾರು ರೀ ಇದು. ಒಂದೊಂದು ಸ್ಕ್ರೂನೂ ಹಳೇದೇ ಹುಡುಕಿ ಹಾಕ್ತಿದೀನಿ. ಏಸಿ ಹಾಕಿದ್ರೆ ಹಳೇ ಕಾರಿನವರೆಲ್ಲ ಸೇರಿ ನಗ್ತಾರೆ. ಅಲ್ಲದೆ ಡ್ಯಾಶ್‌ಬೋರ್ಡ್ ಕೊರೀಬೇಕು, ಮೈಯೆಲ್ಲ ತೂತು ಮಾಡಬೇಕು."

"ಒಂದು ತೂತು ಹೊಸದಾಗಿ ಹಾಕಿದ್ರೆ ನನ್ನ ಕೈ ಕಡೀರಿ" ಎಂದರು ಅವರು. "ಬಿಚ್ಚಿದ್ರೆ ನಿಮ್ಮಪ್ಪನ ಗಾಡಿ ಹಂಗೇ ವಾಪಸ್ ಸಿಗಬೇಕು. ಅದು ನನ್ನ ಕೆಲಸ. ನಗೋರು ನಗಲಿ ಸಾರ್, ಅವರು ದಿನವೆಲ್ಲ ನೀರು ಕುಡೀತಾರೆ."

ಆ ಕೊನೆಯ ಮಾತಿಗೆ ನಮ್ಮವರು ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದರು. ಆ ದಿನ ಸಂಜೆ ದೇವರ ಮುಂದೆ ನನಗೆ ಸಿಕ್ಕ ಸಣ್ಣ ಸಣ್ಣ ಕೃಪೆಗಳನ್ನು ಎಣಿಸುವಾಗ ಮೊದಲು ಅದನ್ನೇ ಎಣಿಸಿದೆ. ದೊಡ್ಡ ವರ ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು. ಸೂಜಿ ಮೊದಲ ಸಲಕ್ಕೇ ಕೂತಿತೇ, ಆಸ್ಪತ್ರೆಯಲ್ಲಿ ಫ್ಯಾನಿನ ಕೆಳಗಿನ ಮಂಚ ಸಿಕ್ಕಿತೇ, ಇಂಥವನ್ನೇ ಎಣಿಸುತ್ತಿದ್ದೆ.

ಕಾರು ಅವರ ಶೆಡ್ಡಿಗೆ ಹೋಯಿತು. ಅವರ ಕೆಲಸದ ರೀತಿಯೇ ಬೇರೆ. ಯಜಮಾನ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯದೆ ಅವರು ಯಾರ ಗಾಡಿಯನ್ನೂ ಮುಟ್ಟುತ್ತಿರಲಿಲ್ಲ. ಆ ಕಾರಿನ ಮುಂಭಾಗವೆಲ್ಲ ಒಟ್ಟಿಗೇ ಮುಂದಕ್ಕೆ ಬಾಗಿ ಬಾಯಿ ತೆರೆಯುತ್ತದೆ. ಅದರೊಳಗೆ ಅವರು ಸೊಂಟದವರೆಗೆ ಮುಳುಗಿದರೆ, ನಮ್ಮವರು ಸ್ಟೂಲಿನ ಮೇಲೆ ಕೂತು ಬೆಳಕು ಹಿಡಿಯಬೇಕು. ಡಯಾಲಿಸಿಸ್‌ಗೆ ಮುಂಚೆ ಒಂದು ಗಂಟೆ, ವಾರಕ್ಕೆ ಮೂರು ದಿನ. "ಎಡಕ್ಕೆ ಸಾರ್. ಅಯ್ಯೋ, ನನ್ನ ಮುಖಕ್ಕಲ್ಲ, ನನ್ನ ಮುಖ ನೋಡಿ ಏನ್ ಮಾಡ್ತೀರ?" ಎಂಬ ಮಾತು ಗಲ್ಲಿಗೆಲ್ಲ ಕೇಳುತ್ತಿತ್ತು.

ಅಪಘಾತದಲ್ಲಿ ನಜ್ಜುಗುಜ್ಜಾದ ಯಾವುದೋ ಸಣ್ಣ ಕಾರಿನಿಂದ ಕಂಪ್ರೆಸರ್ ತಂದರು. ಹಳೆಯ ವ್ಯಾನಿನಿಂದ ಗಾಳಿ ಊದುವ ಪೆಟ್ಟಿಗೆ ಬಂತು. ಅದನ್ನು ಎಲ್ಲಿ ಬಿಗಿಯುವುದು? ಡ್ಯಾಶ್‌ಬೋರ್ಡಿನ ಹಿಂದಿನ ತಗಡಿನಲ್ಲಿ ರಬ್ಬರ್ ಬಿರಡೆ ಹಾಕಿ ಮುಚ್ಚಿದ ತೂತುಗಳಿದ್ದವು. ಈ ಕಾರು ಚಳಿದೇಶದ ನಕಾಶೆಯ ಮೇಲೆ ಮಾಡಿದ್ದಲ್ಲವೇ, ಹೀಟರ್ ಕೂರಿಸಲೆಂದು ಬಿಟ್ಟ ತೂತುಗಳಂತೆ. ಅವರು ಅವುಗಳಲ್ಲೇ ಏಸಿಯ ಪೈಪು ತೂರಿಸಿದರು. "ನೋಡಿ ಸಾರ್, ಬಿಸಿಗೆ ಅಂತ ಬಿಟ್ಟಿದ್ದ ಜಾಗದಲ್ಲೇ ತಂಪು ಹೋಗ್ತಿದೆ" ಎಂದು ಮಕ್ಕಳಂತೆ ಸಂಭ್ರಮಪಟ್ಟರು. ಬಿಚ್ಚಿದ ಹಳೆಯ ಬೋಲ್ಟು ಒಂದೊಂದನ್ನೂ ಎಣ್ಣೆ ಹಚ್ಚಿ ಬಿಸ್ಕತ್ತಿನ ಡಬ್ಬದಲ್ಲಿಟ್ಟು ನಮ್ಮವರ ಕೈಗೇ ಕೊಟ್ಟರು.

ನಾನು ಶೆಡ್ಡಿನ ಬಾಗಿಲಲ್ಲಿ ಕೂತು ಹೂವಿನ ಬತ್ತಿ ಮಾಡುತ್ತ ಅವರ ಮಾತು ಕೇಳುತ್ತಿದ್ದೆ. ಒಮ್ಮೆ, "ಅಣ್ಣಾ, ಈ ತಂಪು ಎಲ್ಲಿಂದ ಬರತ್ತೆ?" ಎಂದು ಕೇಳಿದೆ.

"ತಂಪು ಅನ್ನೋದು ಯಾವ ಅಂಗಡೀಲೂ ಸಿಗಲ್ಲಮ್ಮಾ. ಬಿಸಿನ ಒಳಗಿಂದ ಎತ್ತಿ ಆಚೆ ಬಿಡ್ತೀವಿ. ಮಿಕ್ಕಿದ್ದೇ ತಂಪು. ಬಿಸಿನ ಯಾರೂ ಸಾಯಿಸಕ್ಕಾಗಲ್ಲ, ಜಾಗ ಬದಲಾಯಿಸಬಹುದು, ಅಷ್ಟೇ."

"ಮತ್ತೆ ನಿಮ್ಮನೇಲಿ ಯಾಕೆ ಏಸಿ ಇಲ್ಲ?"

"ನಂಗೆ ಏಸಿ ಆಗಲ್ಲ, ಕಾಲು ಹಿಡ್ಕೊಳ್ಳತ್ತೆ" ಎಂದರು. ಒಳಗಿನಿಂದ ಅವರ ಹೆಂಡತಿ, "ಇಡೀ ಊರಿಗೆ ತಂಪು, ಅಡುಗೆಮನೆ ಫ್ಯಾನು ದೀಪಾವಳಿಯಿಂದ ತಿರುಗ್ತಿಲ್ಲ" ಎಂದು ಕೂಗಿದರು.

ಆ ಫ್ಯಾನಿನ ಕಥೆ ಅವರ ಸ್ವಭಾವದ್ದೇ ಕಥೆ. ಗುರುವಾರದ ಮಠದ ಪ್ರಸಾದವನ್ನು ನಾನು ಶುಕ್ರವಾರ ತೆಗೆದುಕೊಂಡು ಹೋಗುತ್ತಿದ್ದೆ. ದೇವಸ್ಥಾನಕ್ಕೆ ಹೋಗುವ ಪೈಕಿ ಅವರಲ್ಲ. ಆದರೆ ಪ್ರಸಾದಕ್ಕೆ ಕೈಯೊಡ್ಡುವ ಮುಂಚೆ ಗ್ರೀಸ್ ಹೋಗುವವರೆಗೆ ಮೂರು ಸಲ ಸೋಪು ಹಾಕಿ ತೊಳೆಯುವರು. ಒಂದು ಕಾಳು ಕೆಳಗೆ ಬೀಳಲು ಬಿಡರು. ಕೊನೆಗೆ ಒಂದು ಚೂರು ಮಾತ್ರ ಎಲೆಯಲ್ಲಿ ಮಡಿಸಿ ಜೇಬಿಗೆ ಹಾಕಿಕೊಳ್ಳುವರು. "ಸಂಜೆಗೆ ಬಾಕಿ ಇರಲಿ" ಎನ್ನುವರು. ಯಾವುದನ್ನೂ ಪೂರಾ ಮುಗಿಸುವವರಲ್ಲ.

ಮೂರು ತಿಂಗಳಾಯಿತು, ನಾಲ್ಕಾಯಿತು. ನನಗೆ ತಾಳ್ಮೆ ತಪ್ಪುತ್ತಿತ್ತು. ಕೇಳಿದರೆ "ಪೊರುಮೆ ಅಮ್ಮಾ, ಪೊರುಮೆ" ಎಂದು ತಮಿಳಿನ ತಾಳ್ಮೆಯನ್ನೇ ಬೋಧಿಸುವರು. ಅಷ್ಟರಲ್ಲಿ ಬಂತು ಇಲ್ಲಿನವರು ಕತ್ತಿರಿ ಎನ್ನುವ ಮೇ ತಿಂಗಳ ಸುಡುಬಿಸಿಲಿನ ಮೊದಲ ವಾರ. ಒಂದು ಬುಧವಾರ ಮಶೀನಿನ ಮೇಲಿದ್ದಾಗಲೇ ನಮ್ಮವರ ರಕ್ತದೊತ್ತಡ ಕುಸಿದು, ಕಾಲು ಸೆಟೆದು, ಮನೆಗೆ ಬರುವ ದಾರಿಯಲ್ಲಿ ಎರಡು ಸಲ ವಾಂತಿಯಾಯಿತು. ಮರುದಿನ ಅವರು ಗೋಡೆ ಕಡೆ ತಿರುಗಿ ಮಲಗಿ ಹೇಳಿದರು.

"ನಾಳೆ ನಾನು ಬರಲ್ಲ. ಇನ್ನು ಸಾಕು. ಬಲವಂತ ಮಾಡಬೇಡ."

ಬಿಟ್ಟರೆ ಎಷ್ಟು ದಿನ ಎನ್ನುವುದನ್ನು ಡಾಕ್ಟರು ಮೊದಲೇ ಹೇಳಿದ್ದರು. ವಾರಗಳ ಮಾತು, ತಿಂಗಳುಗಳದ್ದಲ್ಲ. ನಾನು ಅಂದು ಮಠಕ್ಕೂ ಹೋಗಲಿಲ್ಲ. ಅತ್ತುಕೊಂಡೇ ಅಣ್ಣನಿಗೆ ಫೋನ್ ಮಾಡಿ, "ಅಣ್ಣಾ, ಇನ್ನು ಕಾರಿನ ಕೆಲಸ ನಿಲ್ಲಿಸಿಬಿಡಿ" ಎಂದೆ. ಯಾಕೆಂಬುದನ್ನೂ ಹೇಳಿದೆ. ಅವರು "ಸರಿ" ಎಂದು ಇಟ್ಟುಬಿಟ್ಟರು. ಮಧ್ಯಾಹ್ನ ಬೆಲ್ ಆಯಿತು. ಆ ಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ಮೈಲಾಪೂರಿಗೆ ಬಂದು ಬಾಗಿಲಲ್ಲಿ ನಿಂತಿದ್ದರು. ಖಾಕಿ ಅಂಗಿ ಬೆನ್ನಿಗಂಟಿತ್ತು. ನಾನು ನೀರು ತಂದರೆ ಮುಟ್ಟಲಿಲ್ಲ. ನಮ್ಮವರ ಎದುರಿಗೆ ಅವರು ಎಂದೂ ನೀರು ಕುಡಿದವರಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

"ಸಾರ್, ಕಂಡೆನ್ಸರ್ ಕೂರಿಸಬೇಕು ನಾಳೆ. ಟಾರ್ಚ್ ಹಿಡೀಬೇಕು ನೀವು."

"ನನಗಾಗಲ್ಲ ರೀ. ನೀವೇ ಮಾಡ್ಕೊಳ್ಳಿ. ಇಲ್ಲ, ಯಾರಿಗಾದ್ರೂ ಕೊಟ್ಟುಬಿಡಿ ಆ ಕಾರನ್ನ."

"ನನ್ನ ಅಭ್ಯಾಸ ನಿಮಗೆ ಗೊತ್ತಲ್ಲ ಸಾರ್. ಯಜಮಾನ ಇಲ್ದೆ ನಾನು ಮುಟ್ಟಲ್ಲ. ನಿಮ್ಮಪ್ಪನ ಗಾಡಿ ಬಾಯಿ ತೆಕ್ಕೊಂಡು ನಿಂತಿದೆ. ಹಂಗೇ ನಿಂತಿರತ್ತೆ. ಕಾಗೆ ಬಂದು ಕೂರತ್ತೆ. ನಾನೇನ್ ಮಾಡ್ಲಿ?"

ನಮ್ಮವರು ಮತ್ತೆ ಗೋಡೆ ಕಡೆ ತಿರುಗಿದರು. ಅಣ್ಣ ಕುರ್ಚಿಯಲ್ಲಿ ಕೂತೇ ಇದ್ದರು, ಒಂದು ಬುದ್ಧಿಮಾತಿಲ್ಲ, ಒಂದು ಸಮಾಧಾನವಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು, "ಹತ್ತು ಗಂಟೆಗೆ. ಬ್ಯಾಟರಿ ನಾನು ಹಾಕಿರ್ತೀನಿ" ಎಂದು ಹೊರಟರು. ಮೆಟ್ಟಿಲಿಳಿದು, ನಮ್ಮ ಬಾಗಿಲು ಮರೆಯಾದ ಮೇಲೆ, ಕೆಳಗಿನ ನಲ್ಲಿಗೆ ಬಾಯೊಡ್ಡಿ ನೀರು ಕುಡಿಯುತ್ತಿದ್ದುದನ್ನು ನಾನು ಬಾಲ್ಕನಿಯಿಂದ ಕಂಡೆ.

ಶುಕ್ರವಾರ ಬೆಳಿಗ್ಗೆ ನಮ್ಮವರು ತಾವಾಗಿ ಎದ್ದು ಸ್ನಾನ ಮಾಡಿ, "ಆ ಮನುಷ್ಯ ಕಾಗೆ ಕೂರಿಸಿಬಿಡ್ತಾನೆ ಕಣೇ" ಎಂದರು. ಶೆಡ್ಡಿಗೆ ಹೋದ ಮೇಲೆ ಆಸ್ಪತ್ರೆ ನೂರು ಹೆಜ್ಜೆ. ಅಲ್ಲಿಗೂ ಹೋದರು.

ಆ ವರ್ಷದ ಬಿಸಿಲು ಇಳಿಯುವ ಮುಂಚೆಯೇ ಏಸಿ ಶುರುವಾಯಿತು. ಕಾರಿನಡಿಯಿಂದ ತೊಟ ತೊಟ ಎಂದು ನೀರು ಬಿತ್ತು. ನಾನು ಏನೋ ಸೋರುತ್ತಿದೆ ಎಂದು ಗಾಬರಿಯಾದೆ. "ಗಾಳೀಲಿದ್ದ ನೀರಮ್ಮಾ, ಕೆಟ್ಟದ್ದಲ್ಲ" ಎಂದರು. ಗಲ್ಲಿಯ ನಾಯಿಯೊಂದು ಬಂದು ಆ ಒದ್ದೆಯಲ್ಲಿ ಹೊಟ್ಟೆ ಊರಿ ಮಲಗಿತು. ನಮ್ಮವರು ಕಿಟಕಿಯಿಂದ ಬಗ್ಗಿ ನೋಡಿ, "ನಾನು ಕುಡಿಯೋ ಹಾಗಿಲ್ಲ, ನನ್ನ ಕಾರು ನಾಯಿಗೆ ನೀರು ಕೊಡ್ತಿದೆ" ಎಂದರು. ಮೈಲಾಪೂರು ಮುಟ್ಟುವವರೆಗೆ ಅವರು ಒಂದು ಗುಟುಕು ಕೇಳಲಿಲ್ಲ. ಚೊಂಬಿನಲ್ಲಿ ರಾತ್ರಿಗೆ ಎರಡು ಲೋಟ ಉಳಿದಿತ್ತು. ಆ ಎರಡು ಲೋಟ ನೀರನ್ನು ನಾನು ದೇವರ ಮುಂದಿಟ್ಟು ಕೈಮುಗಿದು ಆಮೇಲೆ ಕೊಟ್ಟೆ.

ಆದರೆ ಗುಂಡಿ ಇರಲಿಲ್ಲ. "ನೋಡೋಣ, ಬಾಕಿ ಇರಲಿ" ಎಂದು ಅಣ್ಣ ಪ್ಲೈಯರ್ ಕೊಟ್ಟರು. ಎಂಜಿನ್ ಸಣ್ಣದು, ಸೇತುವೆ ಹತ್ತುವಾಗ ಏಸಿ ನಿಲ್ಲಿಸಬೇಕು, ಇಳಿಯುವಾಗ ಹಾಕಬೇಕು. ಕಡ್ಡಿಯನ್ನು ಎಷ್ಟು ತಿರುಗಿಸಬೇಕೆಂಬ ಹದ ನಮ್ಮವರಿಗಷ್ಟೇ ಕಲಿಸಿದರು. ನಾನು ಕೇಳಿದರೆ, "ನೀವು ರೋಡ್ ನೋಡಿ" ಎಂದರು. ತಿಂಗಳುಗಳು ಹೋದರೂ ಗುಂಡಿ ಬರಲಿಲ್ಲ. ಕಾಯಿಲೆಯ ಮನುಷ್ಯ ದಾರಿಯುದ್ದಕ್ಕೂ ಪ್ಲೈಯರ್ ಹಿಡಿದು ಬಗ್ಗುವುದನ್ನು ನೋಡಿ ನನಗೆ ಸಹಿಸಲಾಗಲಿಲ್ಲ. ಒಂದು ದಿನ ಅವರು ಡಯಾಲಿಸಿಸ್‌ನಲ್ಲಿದ್ದಾಗ ನಾನೇ ಬಿಡಿಭಾಗದ ಅಂಗಡಿಗೆ ಹೋಗಿ ಒಂದು ಕರಿ ಗುಂಡಿ ಕೊಂಡು ಹಾಕಿಸಿದೆ. ಉಪಕಾರ ಮಾಡಿದೆನೆಂದೇ ಎಣಿಸಿದ್ದೆ.

ಆ ವಾರವೆಲ್ಲ ನಮ್ಮವರು ಕಾರಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಗುಂಡಿ ನನ್ನ ಕೈಗೇ ಎಟಕುತ್ತಿತ್ತು, ಅವರಿಗೆ ಕೆಲಸವಿರಲಿಲ್ಲ. ಮುಂದಿನ ಸೋಮವಾರ ಅಣ್ಣ ಕಾರಿನೊಳಗೆ ಇಣುಕಿ ನೋಡಿದರು. ಆ ಗುಂಡಿಯನ್ನು ಎಳೆದು ನನ್ನ ಅಂಗೈಯಲ್ಲಿಟ್ಟರು.

ನನಗೆ ಸಿಟ್ಟು ಬಂತು. "ಇದೇನಣ್ಣಾ ಇದು? ಇಷ್ಟು ಮಾಡಿ ಒಂದು ಗುಂಡಿ ಹಾಕಕ್ಕೆ ನಿಮಗೇನು ಕಷ್ಟ? ಅವರು ರೋಗಿ, ನೆನಪಿದೆಯಾ?"

"ಅದು ನಿಮಗೆ ತುಂಬಾ ನೆನಪಿದೆಯಮ್ಮಾ" ಎಂದರು, ಮೆಲ್ಲಗೆ. "ರೈಲ್ವೇಲಿ ನಮ್ಮ ಮೇಸ್ತ್ರಿ ಒಬ್ರು ಹೇಳೋರು, ಎಲ್ಲ ಮುಗಿದ ಡಬ್ಬಿ ಹತ್ರ ಯಾರೂ ಬರಲ್ಲ, ಒಂದು ಸಣ್ಣದು ಬಾಕಿ ಇಡು, ಆ ನೆಪದಲ್ಲಿ ಇನ್ನೊಂದ್ಸಲ ತೆಗೆದು ನೋಡ್ತೀಯ ಅಂತ. ನಲವತ್ತು ವರ್ಷ ಹಂಗೇ ಮಾಡಿದೀನಿ. ಇದನ್ನ ದೇವರ ಮನೇಲಿ ಇಡಿ. ಸಾರ್ ಕೇಳ್ದಾಗ ಹಾಕೋಣ."

ನಮ್ಮವರು ಕೇಳಲಿಲ್ಲ. ಜೇಬಿನಿಂದ ಪ್ಲೈಯರ್ ತೆಗೆದರು.

ಹೋದ ತಿಂಗಳು ಒಂದು ಸೋಮವಾರ ಹೋದಾಗ ಶೆಡ್ಡು ಮುಚ್ಚಿತ್ತು. ಶನಿವಾರ ಊಟ ಮಾಡಿ ಕೂತವರು ಹಾಗೇ ವಾಲಿದರಂತೆ. ಸುದ್ದಿ ನಮ್ಮನ್ನು ಮುಟ್ಟಿರಲಿಲ್ಲ, ಎಲ್ಲ ಮುಗಿದಿತ್ತು. ನಾನು ನಮ್ಮವರ ಮುಖ ನೋಡಿದೆ. ಅವರು ಏನಾದರೂ ಅಂದಾರೆಂದು, ಆ "ಸಾಕು" ಮತ್ತೆ ಬಂದೀತೆಂದು ಹೆದರಿದ್ದೆ.

ಮನೆಯೊಳಗೆ ಅಣ್ಣನ ಹೆಂಡತಿ, ಆ ತಾಯಿ, ನೆಲದ ಮೇಲೆ ಕೂತಿದ್ದರು. ಮುಂದೆ ಹರಡಿದ್ದ ಪೇಪರಿನ ಮೇಲೆ ಅವರ ಮಿಕ್ಸಿ ಬಿಚ್ಚಿ ಬಿದ್ದಿತ್ತು. ಹೋಗುವ ದಿನ ಬೆಳಿಗ್ಗೆ ಬಿಚ್ಚಿದ್ದಂತೆ.

"ನೋಡಿ ತಂಗಚ್ಚಿ" ಎಂದರು ನನಗೆ, ಅಳುತ್ತ ನಗುತ್ತ. "ಊರಿಗೆಲ್ಲ ಬಾಕಿ ಬಾಕಿ ಅಂತಿದ್ರು. ನನಗೂ ಒಂದು ಬಾಕಿ ಇಟ್ಟೇ ಹೋದ್ರು. ಯಾರಾದ್ರೂ ತೆಗೆದಿಡ್ತೀನಿ ಅಂದ್ರೆ ಬೇಡ ಅಂದೆ. ಅವರ ಕೈ ತಾಗಿದೆ ಅಲ್ವಾ."

ನಮ್ಮವರು ಬಹಳ ಹೊತ್ತು ಆ ಬಿಡಿಭಾಗಗಳನ್ನೇ ನೋಡಿದರು. ಆಮೇಲೆ ಗೋಡೆ ಹಿಡಿದು ನೆಲದ ಮೇಲೆ ಕೂತರು. ಕಾಯಿಲೆ ಬಂದ ಮೇಲೆ ಅವರು ನೆಲದ ಮೇಲೆ ಕೂತದ್ದೇ ಇರಲಿಲ್ಲ.

"ಟಾರ್ಚ್ ಎಲ್ಲಿಡ್ತಿದ್ರು?" ಎಂದು ಕೇಳಿದರು. ತಾಯಿ ತಂದುಕೊಟ್ಟರು. "ನೀವೇ ಹಿಡೀರಿ. ಯಜಮಾನರೇ ಹಿಡೀಬೇಕು" ಎಂದರು ನಮ್ಮವರು.

ಸೋಮವಾರ ಒಂದು ಗಂಟೆ, ಬುಧವಾರ ಒಂದು ಗಂಟೆ, ಮತ್ತೆ ಆಸ್ಪತ್ರೆ. ಶುಕ್ರವಾರ ಮಿಕ್ಸಿ ತಿರುಗಿತು. ತಾಯಿ ಆ ಕ್ಷಣವೇ ಎರಡು ಹಿಡಿ ಕಾಯಿತುರಿ ಹಾಕಿ ಅರೆದು ನೋಡಿ ಕಣ್ಣೊರೆಸಿಕೊಂಡರು. ಏಳುವಾಗ ನಮ್ಮವರು, "ನಾನು ಮತ್ತೆ ಸೋಮವಾರ ಬಂದು ನೋಡ್ತೀನಿ" ಎಂದರು. ತಾಯಿ ಮಿಕ್ಸಿಯನ್ನು ಮಗುಚಿ ತಳವನ್ನು ಒಮ್ಮೆ ನೋಡಿ, ಮತ್ತೆ ನೆಟ್ಟಗಿಟ್ಟು, "ಬನ್ನಿ" ಎಂದರಷ್ಟೇ.

ಮನೆಗೆ ಬರುವ ದಾರಿಯಲ್ಲಿ ಸೇತುವೆ ಹತ್ತುವಾಗ ನಮ್ಮವರು ಏಸಿ ನಿಲ್ಲಿಸಿದರು, ಇಳಿಯುವಾಗ ಹಾಕಿದರು. ಸಂಜೆ ನಾನು ದೀಪ ಹಚ್ಚಲು ಹೋದಾಗ, ಕುಂಕುಮದ ಬಟ್ಟಲಿನ ಹತ್ತಿರ, ಆ ಕರಿ ಗುಂಡಿಯ ಪಕ್ಕದಲ್ಲಿ, ಮಿಕ್ಸಿಯ ತಳದ ಸಣ್ಣ ಸ್ಕ್ರೂ ಒಂದು ಇತ್ತು.